ಬರಿಗಾಲ ಓಟಗಾರರೂ ಪರದೇಶಿ ಕಣ್ಣುಗಳೂ



ನಮ್ಮ ಕಾಲದ ಶಾಲಾ ಕ್ರೀಡಾಕೂಟಗಳ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಬರೆಯಲು ಕುಳಿತಾಗ ಲೇಖನಿ ತಾನಾಗಿಯೇ ಇತಿಹಾಸದ ಕಡೆಗೆ ಹೊರಳಿತು. ಮೂವತ್ತಕ್ಕೂ ಹೆಚ್ಚು ವರ್ಷ ಇತಿಹಾಸ ಕಲಿಸಿದವನ ರೋಗವಿದು, ಕ್ಷಮಿಸಬೇಕು. ಆದರೂ ಮೊದಲು ನನ್ನ ಅನುಭವದ ಒಂದು ಸಣ್ಣ ಪ್ರಸಂಗವನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಏಕೆಂದರೆ ಈ ಲೇಖನ ಹುಟ್ಟಿದ್ದು ಅಲ್ಲಿಂದಲೇ.

1989ರ ಸುಮಾರು ಇರಬೇಕು. ಬೆಳಗಾವಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಪ್ರೌಢಶಾಲೆಗಳ ಕ್ರೀಡಾಕೂಟ. ಅಂಥ ದಿನಗಳಲ್ಲಿ ಎಲ್ಲ ವಿಷಯದ ಶಿಕ್ಷಕರಿಗೂ ಒಂದೊಂದು ಕೆಲಸ ಹಂಚುತ್ತಿದ್ದರು. ಓಟದ ತಿರುವಿನಲ್ಲಿ ಕೆಂಪು ಬಾವುಟ ಹಿಡಿದು ನಿಂತು, ಯಾರಾದರೂ ಗೆರೆ ದಾಟಿದರೆ ಬಾವುಟ ಎತ್ತುವ ಕೆಲಸ ನನ್ನ ಪಾಲಿಗೆ ಬಂದಿತ್ತು. 400 ಮೀಟರ್ ಓಟದಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಇದ್ದ. ದಿನವೂ ಹೊಲದ ದಾರಿಯಲ್ಲಿ ನಾಲ್ಕು ಮೈಲಿ ಬಂದು, ನಾಲ್ಕು ಮೈಲಿ ಹೋಗುತ್ತಿದ್ದವನು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಪೀಪಿ ಊದಿದ್ದೇ ತಡ, ಹುಡುಗ ಬಾಣದ ಹಾಗೆ ಹೊರಟ. ತಿರುವಿಗೆ ಬರುವಷ್ಟರಲ್ಲಿ ಎಲ್ಲರಿಗಿಂತ ಹತ್ತು ಮಾರು ಮುಂದಿದ್ದ. ಮುಂದಿದ್ದವನು ಸುಣ್ಣದ ಗೆರೆಗಳನ್ನು ಲೆಕ್ಕಿಸದೆ ನೇರವಾಗಿ ಒಳಬದಿಗೆ ನುಗ್ಗಿದ. ನಾನು ಬಾವುಟ ಎತ್ತಿದೆ. ನಮ್ಮ ಶಾಲೆಯವನೇ ಆದ್ದರಿಂದ, ಪಕ್ಷಪಾತದ ಮಾತು ಬರಬಾರದೆಂದು ತುಸು ಎತ್ತರವಾಗಿಯೇ ಎತ್ತಿದೆನೆಂದು ಕಾಣುತ್ತದೆ. ಹುಡುಗ ಮೊದಲು ಬಂದ, ಆದರೆ ಹೆಸರು ಪಟ್ಟಿಯಲ್ಲಿ ಬರಲಿಲ್ಲ.

ಮಧ್ಯಾಹ್ನ ಅವನು ನನ್ನ ಬಳಿ ಬಂದು, ಅಳುವೂ ಇಲ್ಲದೆ ಸಿಟ್ಟೂ ಇಲ್ಲದೆ ಕೇಳಿದ: “ಸರ, ಓಡೋದಂದ್ರ ಓಡೋದಲ್ರಿ? ಗೆರಿ ನೋಡ್ಕೊಂತ ಹ್ಯಾಂಗ ಓಡಬೇಕ್ರಿ?”

ನಾನು ನಿಯಮವನ್ನು ವಿವರಿಸಿದೆ. ಹೊರಗಿನ ಸುತ್ತು ಉದ್ದ, ಒಳಗಿನ ಸುತ್ತು ಗಿಡ್ಡ, ಆದ್ದರಿಂದಲೇ ಎಲ್ಲರನ್ನೂ ಹಿಂದೆ ಮುಂದೆ ನಿಲ್ಲಿಸಿರುತ್ತಾರೆ ಎಂದು ಮಣ್ಣಿನಲ್ಲಿ ಚಿತ್ರ ಬರೆದು ತೋರಿಸಿದೆ. ಅವನು ತಲೆಯಾಡಿಸಿ ಹೋದ. ಮರುವರ್ಷದ ಕೂಟಕ್ಕೆ ಹೆಸರು ಕೊಡಲಿಲ್ಲ. ನಾನೂ ಕೇಳಲಿಲ್ಲ. ನಿಯಮ ನಿಯಮವೇ, ತೀರ್ಪು ಸರಿಯಾಗಿಯೇ ಇತ್ತು. ಆದರೆ ನಮ್ಮ ಶಾಲೆಯ ಬಯಲಿನಲ್ಲಿ ನಾವು ಒಂದು ದಿನವೂ ಗೆರೆ ಎಳೆದು ಆ ಮಕ್ಕಳನ್ನು ಓಡಿಸಿರಲಿಲ್ಲ ಎಂಬ ಮಾತು ಅಂದು ನನ್ನ ತಲೆಗೆ ಬರಲಿಲ್ಲ.

ನಿವೃತ್ತಿಯ ನಂತರ ಭಾರತದ ಒಲಿಂಪಿಕ್ ಇತಿಹಾಸವನ್ನು ಓದುತ್ತಿದ್ದಾಗ ಆ ಹುಡುಗನ ಮಾತು ಬೇರೊಬ್ಬರ ಬಾಯಲ್ಲಿ ಎದುರಾಯಿತು. ಅದು 1929ರಲ್ಲಿ ಸರ್ ದೋರಾಬ್ಜಿ ಟಾಟಾ ಅವರು ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ, ಬೆಲ್ಜಿಯಂ ದೇಶದ ಕೌಂಟ್ ಬೈಯೆ-ಲಾತೂರ್ ಅವರಿಗೆ ಬರೆದ ಪತ್ರ. ಭಾರತ ಒಲಿಂಪಿಕ್ ಕೂಟಕ್ಕೆ ಬಂದ ಬಗೆಯನ್ನು ಅವರು ಅದರಲ್ಲಿ ವಿವರಿಸಿದ್ದಾರೆ. ಹತ್ತು ವರ್ಷ ಹಿಂದಿನ, 1919ರ ಪುಣೆಯ ಒಂದು ಪ್ರಾಂತೀಯ ಕ್ರೀಡಾಕೂಟದ ವರ್ಣನೆ ಅದರ ಜೀವಾಳ. ಅಲ್ಲಿನ ಜನಕ್ಕೆ ಓಟವೆಂದರೆ ಬರೀ ಓಟ, ಅದಕ್ಕಿಂತ ಹೆಚ್ಚಿನದೇನೂ ಅಲ್ಲ ಎಂಬರ್ಥದ ಮಾತೊಂದನ್ನು ಟಾಟಾ ಅವರು ಅಲ್ಲಿ ಬರೆದಿದ್ದಾರೆ. ಅದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಆ ಕೂಟದ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಪುಣೆಯ ಡೆಕ್ಕನ್ ಜಿಮ್‌ಖಾನಾ 1906ರಲ್ಲಿ ಹುಟ್ಟಿದ ಸಂಸ್ಥೆ. ಆಗ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರದ ಸೀಮೆಯೆಲ್ಲ ಮುಂಬಯಿ ಪ್ರಾಂತದೊಳಗೇ ಇತ್ತು. ಪುಣೆಯಿಂದ ಬೆಳಗಾವಿಯ ಮೇಲೆ ಹಾದು ಹುಬ್ಬಳ್ಳಿಯವರೆಗೆ ರೈಲು ಓಡಾಡುತ್ತಿತ್ತು. ಕುಸ್ತಿಗೆಂದು, ಓದಿಗೆಂದು, ನೌಕರಿಗೆಂದು ನಮ್ಮ ಕಡೆಯವರು ಪುಣೆಗೆ ಹೋಗುವುದು ಆ ಕಾಲಕ್ಕೆ ಮೈಸೂರಿಗೆ ಹೋಗುವುದಕ್ಕಿಂತ ಸಹಜವಾದ ಸಂಗತಿ. ದೋರಾಬ್ಜಿಯವರು ಆಗ ಈ ಜಿಮ್‌ಖಾನಾದ ಅಧ್ಯಕ್ಷರು.

ದೋರಾಬ್ಜಿ ಟಾಟಾ ಪರದೇಶಿಯಲ್ಲ ನಿಜ. 1859ರಲ್ಲಿ ಮುಂಬಯಿಯಲ್ಲಿ ಹುಟ್ಟಿದವರು, ಜಮ್‌ಷೆಟ್‌ಜಿಯವರ ಹಿರಿಯ ಮಗ. ನಮ್ಮ ನಾಡಿಗೂ ನಂಟಸ್ತಿಕೆ ಇದ್ದವರು. ಅವರ ಪತ್ನಿ ಮೆಹರ್‌ಬಾಯಿ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದ ಎಚ್. ಜೆ. ಭಾಭಾ ಅವರ ಮಗಳು. ಆದರೆ ಯೌವನದಲ್ಲಿ ಅವರು ಓದಿದ್ದು ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ. ಅಲ್ಲಿನ ಕ್ರಿಕೆಟ್, ಫುಟ್‌ಬಾಲ್, ಟೆನಿಸ್, ದೋಣಿಯ ಆಟ ಎಲ್ಲದರಲ್ಲೂ ಪಳಗಿ ಬಂದವರು. ಪುಣೆಯ ಬಯಲಿನಲ್ಲಿ ನಿಂತಾಗ ಅವರ ಕಣ್ಣಿನಲ್ಲಿದ್ದ ಅಳತೆಗೋಲು ಇಂಗ್ಲೆಂಡಿನದು. ಅವರ ಪಕ್ಕದಲ್ಲಿದ್ದ ಇನ್ನೊಬ್ಬ ಪ್ರೇಕ್ಷಕರಂತೂ ನಿಜವಾದ ಪರದೇಶಿಯೇ: ಮುಂಬಯಿ ಪ್ರಾಂತದ ಗವರ್ನರ್ ಸರ್ ಜಾರ್ಜ್ ಲಾಯ್ಡ್. 1918ರ ಡಿಸೆಂಬರಿನಲ್ಲಿ ಅಧಿಕಾರ ವಹಿಸಿಕೊಂಡವರು.

ಈ ಇಬ್ಬರು ಕಂಡದ್ದೇನು? ಮೊದಲು ಕಂಡದ್ದು ಕೊರತೆಗಳನ್ನು. ಸ್ಪರ್ಧಿಗಳೆಲ್ಲ ಹೊಲದಲ್ಲಿ ದುಡಿಯುವ ರೈತಾಪಿ ಹುಡುಗರು. ಉಣ್ಣುವುದು ಬಡವರ ಊಟ. ಯೂರೋಪಿನ ನಿಯಮಗಳಾಗಲಿ ತರಬೇತಿಯ ಕ್ರಮವಾಗಲಿ ಅವರಿಗೆ ಗೊತ್ತಿಲ್ಲ. ಮೈದಾನ ಚಿಕ್ಕದು, ಉರುಳುಗಲ್ಲು ಆಡಿಸದ ಉಬ್ಬುತಗ್ಗಿನ ಹುಲ್ಲುನೆಲ. ನೂರು ಮೀಟರಿನ ಓಟವನ್ನು ನೇರವಾಗಿ ಓಡಿಸಲು ಜಾಗವಿಲ್ಲದೆ ತಿರುವಿನ ಸುತ್ತಲೇ ಓಡಿಸುವ ಯೋಚನೆ ಸಂಘಟಕರದು. ಆ ಕಾಲದಲ್ಲಿ ಓಟಗಾರರು ಒಬ್ಬರಿಗೊಬ್ಬರು ಅಡ್ಡ ಬಾರದಂತೆ ಗೂಟ ನೆಟ್ಟು ದಾರ ಕಟ್ಟುವ ಪದ್ಧತಿಯಿತ್ತು. ಆ ದಾರವೂ ಇಲ್ಲಿಲ್ಲ. ನೂರು ಮೀಟರಿಗೆ ಎಷ್ಟು ಹೊತ್ತು ಹಿಡಿಯಬಹುದೆಂಬ ಮಾತು ಬಂದಾಗ ಜಿಮ್‌ಖಾನಾದ ಹಿರಿಯರೊಬ್ಬರು ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಆಗಬಹುದೆಂದು ಹೇಳಿದರಂತೆ. ಅಲ್ಲಿ ನಿಮಿಷಗಳ ಲೆಕ್ಕವಿಲ್ಲ, ಸೆಕೆಂಡು ಮತ್ತು ಸೆಕೆಂಡಿನ ಹತ್ತನೆಯ ಭಾಗದ ಲೆಕ್ಕ ಎಂದು ತಿಳಿದಾಗ ಅವರು ಬೆರಗಾದರಂತೆ.

ಆಮೇಲೆ ಕೂಟದ ಮುಖ್ಯ ಸ್ಪರ್ಧೆ ನಡೆಯಿತು. ಸುಮಾರು ಇಪ್ಪತ್ತೈದು ಮೈಲಿಯ ದೀರ್ಘ ಓಟ. ಅದಕ್ಕೆ ಡೆಕ್ಕನ್ ಮ್ಯಾರಥಾನ್ ಎಂದು ಹೆಸರಿಟ್ಟಿದ್ದರು. ಅದೇ ರೈತ ಹುಡುಗರು ಜಲ್ಲಿ ಬಡಿದ ಗಟ್ಟಿ ರಸ್ತೆಯ ಮೇಲೆ ಬರಿಗಾಲಲ್ಲಿ ಓಡಿದರು. ಮುಂದೆ ಬಂದ ಆರೇಳು ಜನ ಓಡಿದ ವೇಗ ಯೂರೋಪಿನ ಉತ್ತಮ ಓಟಗಾರರ ವೇಗಕ್ಕೆ ಸರಿಗಟ್ಟುವಂತಿತ್ತು ಎಂದು ಟಾಟಾ ಅವರು ಬರೆಯುತ್ತಾರೆ. ಅಷ್ಟು ಹೊತ್ತು ಕೊರತೆಗಳನ್ನೇ ಎಣಿಸುತ್ತಿದ್ದ ಕಣ್ಣುಗಳು ಆ ಕ್ಷಣ ಬೇರೆಯಾದವು. ಮುಂದಿನ ವರ್ಷ ಬೆಲ್ಜಿಯಂನ ಆಂಟ್‌ವರ್ಪ್ ನಗರದಲ್ಲಿ ನಡೆಯಲಿದ್ದ ಒಲಿಂಪಿಕ್ ಕೂಟಕ್ಕೆ ಇವರನ್ನೇಕೆ ಕಳಿಸಬಾರದು ಎಂಬ ಯೋಚನೆ ಹುಟ್ಟಿದ್ದು ಅಲ್ಲಿಯೇ. ಗವರ್ನರ್ ಲಾಯ್ಡ್ ಬೆಂಬಲದ ಮಾತು ಕೊಟ್ಟರು. ಒಲಿಂಪಿಕ್ ಸಮಿತಿಯ ಮನ್ನಣೆಯೂ ದೊರೆಯಿತು.

ಇತಿಹಾಸದ ವಿದ್ಯಾರ್ಥಿ ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕಾದ ಸಂಗತಿಗಳಿವೆ.

ಒಂದು, ಆ ವರ್ಷದ ಸ್ಥಿತಿ. 1918ರಲ್ಲಿ ಮಳೆ ಕೈಕೊಟ್ಟು ದಖ್ಖನಿನಲ್ಲಿ ಬರ ಬಿದ್ದಿತ್ತು. ಅದೇ ವರ್ಷ ಇನ್‌ಫ್ಲುಯೆಂಜಾ ಮಹಾಮಾರಿ ಬಂದು ಮುಂಬಯಿ ಪ್ರಾಂತವೊಂದರಲ್ಲೇ ಸುಮಾರು ಹತ್ತು ಲಕ್ಷ ಜನರನ್ನು ಕೊಂಡೊಯ್ದಿತ್ತು. ನಮ್ಮ ಅಜ್ಜಿಯರು ‘ಮಾನಮೋಡಿ ಬ್ಯಾನಿ’ ಎಂದು ಹೇಳುತ್ತಿದ್ದುದು ಇದನ್ನೇ. ಅಂದಮೇಲೆ 1919ರಲ್ಲಿ ಪುಣೆಯ ರಸ್ತೆಯಲ್ಲಿ ಓಡಿದ ಆ ಹುಡುಗರು ಬರಗಾಲವನ್ನೂ ಮಹಾಮಾರಿಯನ್ನೂ ದಾಟಿ ಉಳಿದವರು. ಬಡವರ ಊಟ ಎಂಬ ಮಾತಿನ ಹಿಂದೆ ಇಷ್ಟೆಲ್ಲ ಇತ್ತು.

ಎರಡು, ನಿಯಮ ಗೊತ್ತಿಲ್ಲದವರು ಎಂಬ ಮಾತು. ಖೋಖೋ ಆಟಕ್ಕೆ ಮೊದಲ ಬಾರಿಗೆ ಲಿಖಿತ ನಿಯಮಾವಳಿ ರೂಪುಗೊಂಡದ್ದು 1914ರಲ್ಲಿ, ಇದೇ ಡೆಕ್ಕನ್ ಜಿಮ್‌ಖಾನಾದಲ್ಲಿ. ಎಂಟು ಜನ ಸಾಲಾಗಿ, ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮುಖ ಮಾಡಿ ಕೂಡುವ, ಬೆನ್ನಟ್ಟುವವನು ದಿಕ್ಕು ಬದಲಿಸಬಾರದೆಂಬ ಆ ಆಟದ ಕಟ್ಟಳೆಗಳು ನೂರು ಮೀಟರ್ ಓಟದ ಕಟ್ಟಳೆಗಿಂತ ಬಹಳ ಸೂಕ್ಷ್ಮವಾದವು. ಇನ್ನು ಗರಡಿಮನೆಯ ಕುಸ್ತಿಯ ಪಟ್ಟುಗಳು, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವ ರೀತಿ ರಿವಾಜುಗಳು ಇವೆಲ್ಲ ನಿಯಮವಲ್ಲದೆ ಮತ್ತೇನು? ಅವರಿಗೆ ನಿಯಮ ಗೊತ್ತಿತ್ತು. ನೋಡಲು ಬಂದವರ ನಿಯಮ ಗೊತ್ತಿರಲಿಲ್ಲ, ಅಷ್ಟೇ. ದೂರದ ಓಟವೂ ಹೊಸದಲ್ಲ. ಈಟಿಗೆ ಗೆಜ್ಜೆ ಕಟ್ಟಿಕೊಂಡು ಊರಿಂದೂರಿಗೆ ಟಪಾಲು ಒಯ್ಯುತ್ತಿದ್ದ ಹರಕಾರರು ಮ್ಯಾರಥಾನ್ ಎಂಬ ಶಬ್ದ ಕೇಳದೆಯೇ ಮೈಲಿಗಟ್ಟಲೆ ಓಡಿದವರು.

ಮೂರು, ಪತ್ರ ಬರೆದದ್ದು ಯಾರಿಗೆ ಎಂಬುದು. ಯೂರೋಪಿನ ಒಬ್ಬ ಶ್ರೀಮಂತ ಅಧ್ಯಕ್ಷರಿಗೆ ತಮ್ಮ ನಾಡಿನ ಆರಂಭದ ಕಥೆ ಹೇಳುವಾಗ ಬಡತನವನ್ನೂ ಬೆರಗನ್ನೂ ಒಟ್ಟಿಗೆ ಕಾಣಿಸುವುದು ಸಹಜ. ಆದರೆ ಆ ವರ್ಣನೆಯಲ್ಲಿ ಓಟಗಾರರಿಗೆ ಹೆಸರಿಲ್ಲ. ಹುಡುಗರು, ರೈತರು, ಬರಿಗಾಲಿನವರು ಎಂದಷ್ಟೇ ಇದೆ.

ಹೆಸರು ಸಿಗುವುದು ಆಂಟ್‌ವರ್ಪಿಗೆ ಹೋದವರ ಪಟ್ಟಿಯಲ್ಲಿ. 1920ರಲ್ಲಿ ಭಾರತದಿಂದ ಹೋದವರು ಆರು ಮಂದಿ. ನಾಲ್ವರು ಓಟಗಾರರು: ಬಂಗಾಳದ ಪೂರ್ಮಾ ಬ್ಯಾನರ್ಜಿ, ಸಾತಾರದ ಸದಾಶಿವ ದಾತಾರ್, ಹುಬ್ಬಳ್ಳಿಯ ಕೈಕಾಡಿ, ಬೆಳಗಾವಿಯ ಫಡೆಪ್ಪ ಚೌಗುಲೆ. ಇಬ್ಬರು ಪೈಲ್ವಾನರು: ಮುಂಬಯಿಯ ಕುಮಾರ್ ನವಲೆ, ಕೊಲ್ಲಾಪುರದ ರಣಧೀರ್ ಶಿಂದೆ. ನಾಲ್ವರು ಓಟಗಾರರಲ್ಲಿ ಇಬ್ಬರು ಇಂದಿನ ಕರ್ನಾಟಕದ ನೆಲದವರು ಎಂಬುದನ್ನು ಗಮನಿಸಬೇಕು. ಸಾರ್ವಜನಿಕರಿಂದ ಕೂಡಿದ ಹಣ ಸಾಲದೆ ದೋರಾಬ್ಜಿಯವರು ತಮ್ಮ ಕೈಯಿಂದಲೂ ಹಣ ಕೊಟ್ಟರು. ಕೊರತೆ ಕಂಡು ಮರುಕಪಟ್ಟು ಸುಮ್ಮನಾದವರಲ್ಲ ಅವರು, ಅದನ್ನು ಮರೆಯಬಾರದು.

1920ರ ಆಗಸ್ಟ್ 22. ಆಂಟ್‌ವರ್ಪಿನ ಮ್ಯಾರಥಾನ್. ಆ ಸಲದ ದೂರ 42.75 ಕಿಲೋಮೀಟರ್, ಅಂದರೆ ಇಂದಿನ ನಿಗದಿತ ದೂರಕ್ಕಿಂತ ಅರ್ಧ ಕಿಲೋಮೀಟರಿನಷ್ಟು ಹೆಚ್ಚು. ಗೆದ್ದವರು ಫಿನ್‌ಲೆಂಡಿನ ಹಾನ್ನೆಸ್ ಕೋಲೆಹ್ಮಾಯ್ನೆನ್, ಕಾಲ 2 ಗಂಟೆ 32 ನಿಮಿಷ 35 ಸೆಕೆಂಡು. ನಮ್ಮ ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿಗೆ ಗುರಿ ಮುಟ್ಟಿ ಹತ್ತೊಂಬತ್ತನೆಯವರಾದರು. ದಾತಾರ್ ಅವರಿಗೆ ಓಟವನ್ನು ಮುಗಿಸಲಾಗಲಿಲ್ಲ. ಟ್ರ್ಯಾಕಿನ ಸ್ಪರ್ಧೆಗಳಲ್ಲಿ ನಮ್ಮವರು ಯಾರೂ ಮುಂದಿನ ಸುತ್ತಿಗೆ ಹೋಗಲಿಲ್ಲ. ಕುಸ್ತಿಯಲ್ಲಿ ಮಾತ್ರ ಶಿಂದೆ ನಾಲ್ಕನೆಯ ಸ್ಥಾನಕ್ಕೆ ಬಂದು ಪದಕದ ಹೊಸ್ತಿಲಲ್ಲಿ ನಿಂತರು.

ಹತ್ತೊಂಬತ್ತನೆಯ ಸ್ಥಾನವೆಂದರೆ ಸೋಲೆಂದು ಅಂದುಕೊಳ್ಳುವವರಿಗಾಗಿ ಒಂದು ಸಣ್ಣ ಲೆಕ್ಕ ಮಾಡಿದೆ. ಚೌಗುಲೆಯವರ ವೇಗ ಕಿಲೋಮೀಟರಿಗೆ ನಾಲ್ಕು ನಿಮಿಷಕ್ಕಿಂತ ಕೂದಲೆಳೆಯಷ್ಟು ಕಡಿಮೆ. 1896ರಲ್ಲಿ ಅಥೆನ್ಸಿನ ಮೊದಲ ಒಲಿಂಪಿಕ್ ಮ್ಯಾರಥಾನನ್ನು ಗೆದ್ದವರು ಮರೂಸಿ ಊರಿನ ನೀರು ಹೊರುವ ಸ್ಪಿರಿಡೋನ್ ಲೂಯಿಸ್. ಅವರು ಸುಮಾರು 40 ಕಿಲೋಮೀಟರಿಗೆ ತೆಗೆದುಕೊಂಡದ್ದು 2 ಗಂಟೆ 58 ನಿಮಿಷ 50 ಸೆಕೆಂಡು. ಕಿಲೋಮೀಟರಿಗೆ ಸುಮಾರು ನಾಲ್ಕೂವರೆ ನಿಮಿಷ. ಅಂದರೆ ಬೆಳಗಾವಿಯ ಚೌಗುಲೆ ಹೆಚ್ಚು ದೂರವನ್ನು ಕಡಿಮೆ ಹೊತ್ತಿನಲ್ಲಿ ಓಡಿದರು. ಇಪ್ಪತ್ತನಾಲ್ಕು ವರ್ಷಗಳ ಅಂತರ ಇದೆ, ರಸ್ತೆ ಬೇರೆ, ಹವೆ ಬೇರೆ. ಹೋಲಿಕೆ ಪೂರ್ತಿ ನ್ಯಾಯವಾದದ್ದಲ್ಲ. ಆದರೂ ಪುಣೆಯಲ್ಲಿ ಟಾಟಾ ಅವರು ಕಂಡ ಬೆರಗು ಹುಸಿಯಾಗಿರಲಿಲ್ಲ ಎಂಬುದಕ್ಕೆ ಈ ಅಂಕಿಗಳು ಸಾಕ್ಷಿ.

ಗವರ್ನರ್ ಲಾಯ್ಡ್ ಅವರ ಬೆರಗಿನ ವಿಷಯದಲ್ಲಿ ನನಗೆ ಬೇರೊಂದು ಯೋಚನೆ ಬರುತ್ತದೆ. 1919 ಎಂದರೆ ರೌಲತ್ ಕಾಯ್ದೆಯ ವರ್ಷ, ಜಲಿಯನ್‌ವಾಲಾಬಾಗಿನ ವರ್ಷ. 1922ರಲ್ಲಿ ಗಾಂಧೀಜಿಯವರ ಬಂಧನವಾದಾಗ ಮುಂಬಯಿ ಪ್ರಾಂತದ ಗವರ್ನರ್ ಇದೇ ಲಾಯ್ಡ್. ರೈತರ ಹುಡುಗನ ಕಾಲಿನ ಕಸುವನ್ನು ಮೆಚ್ಚುವುದಕ್ಕೂ, ಆ ಹುಡುಗನಿಗೆ ತನ್ನನ್ನು ತಾನು ಆಳಿಕೊಳ್ಳುವ ಯೋಗ್ಯತೆ ಇದೆ ಎಂದು ಒಪ್ಪುವುದಕ್ಕೂ ನಡುವೆ ಬಹಳ ದೂರವಿದೆ. ಮೆಚ್ಚುಗೆಯ ಕಣ್ಣೂ ಒಮ್ಮೊಮ್ಮೆ ಅರ್ಧ ಮಾತ್ರ ತೆರೆದಿರುತ್ತದೆ.

ನೋಡಿ ಹೋಗುವವರ ಮಾತು ಇದಾಯಿತು. ನೆಲೆ ನಿಂತ ಪರದೇಶಿಗಳೂ ಇದ್ದರು. 1919ರಲ್ಲೇ ಅಮೆರಿಕದ ಹ್ಯಾರಿ ಕ್ರೋ ಬಕ್ ಎಂಬವರು ವೈ.ಎಂ.ಸಿ.ಎ. ಸಂಸ್ಥೆಯ ಪರವಾಗಿ ಮದರಾಸಿಗೆ ಬಂದರು. ಮರುವರ್ಷ ಅಲ್ಲಿ ದೈಹಿಕ ಶಿಕ್ಷಕರಿಗಾಗಿ ತರಬೇತಿ ಶಾಲೆ ತೆರೆದರು. ಅದೇ ಮುಂದೆ ಹೆಸರಾದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು. 1924ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಕೂಟ ನಡೆದು ಪ್ಯಾರಿಸ್ ಒಲಿಂಪಿಕ್ಸಿಗೆ ತಂಡದ ಆಯ್ಕೆಯಾದಾಗ ಆ ತಂಡದ ವ್ಯವಸ್ಥಾಪಕರಾಗಿ ಹೋದವರು ಇದೇ ಬಕ್. ಆ ಕಾಲದ ಒಲಿಂಪಿಕ್ ಸಂಘಟನೆಯಲ್ಲಿ ದುಡಿದ ಎ. ಜಿ. ನೊಯೆರೆನ್ ಕೂಡ ವೈ.ಎಂ.ಸಿ.ಎ.ಯವರೇ. ಬಕ್ ಮದರಾಸಿನಲ್ಲಿಯೇ ದುಡಿದು 1943ರಲ್ಲಿ ಅಲ್ಲಿಯೇ ತೀರಿಕೊಂಡರು.

ನನ್ನ ಬಾಲ್ಯದಲ್ಲಿ ಡ್ರಿಲ್ ಮಾಸ್ತರರೆಂದರೆ ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಪೀಪಿ. ಹಿರಿಯ ಮಾಸ್ತರರಲ್ಲಿ ಹಲವರು ಮದರಾಸಿನಲ್ಲಿ ತರಬೇತಿ ಪಡೆದು ಬಂದವರೆಂದು ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದರು. ಆ ಅಭಿಮಾನದ ಮೂಲದಲ್ಲಿ ಬಕ್ ಇದ್ದಾರೆಂಬುದು ನನಗೆ ತಿಳಿದದ್ದು ತೀರ ಈಚೆಗೆ. ಅಂದು ಟಾಟಾ ಅವರು ಕಂಡ ಕೊರತೆಗೆ ಬಕ್ ಕಂಡುಕೊಂಡ ಉತ್ತರ ಸರಳವಾದದ್ದು: ಗೆದ್ದವರನ್ನು ಹುಡುಕುವ ಮೊದಲು ಕಲಿಸುವವರನ್ನು ತಯಾರು ಮಾಡಬೇಕು. ಗೆರೆ ದಾಟಿದವನನ್ನು ಹಿಡಿಯುವ ಮೊದಲು ಗೆರೆ ಎಳೆಯುವವರು ಬೇಕಲ್ಲವೇ?

ಇದೇ ಬಗೆಯ ಕಥೆ ಬೇರೆ ದೇಶಗಳಲ್ಲೂ ನಡೆದಿದೆ. ಬರಿಗಾಲಿನ ಮಾತು ಬಂದಾಗ ಇಥಿಯೋಪಿಯಾದ ಅಬೆಬೆ ಬಿಕಿಲಾ ಅವರನ್ನು ನೆನೆಯದಿರಲಾಗದು. ಅವರು ಚಕ್ರವರ್ತಿಯ ಅಂಗರಕ್ಷಕ ಪಡೆಯ ಸಿಪಾಯಿ. ಅವರ ಗುರು ಓನ್ನಿ ನಿಸ್ಕನೆನ್, ಸ್ವೀಡನ್ನಿನಿಂದ 1946ರಲ್ಲಿ ಇಥಿಯೋಪಿಯಾಕ್ಕೆ ಹೋಗಿ ಅಲ್ಲಿ ವ್ಯಾಯಾಮ ಕಲಿಸಲು ನಿಂತವರು. 1960ರ ರೋಮ್ ಒಲಿಂಪಿಕ್ ಮ್ಯಾರಥಾನಿನಲ್ಲಿ ಬಿಕಿಲಾ ಬರಿಗಾಲಲ್ಲಿ ಓಡಿ 2 ಗಂಟೆ 15 ನಿಮಿಷ 16 ಸೆಕೆಂಡಿಗೆ ಗೆದ್ದರು. ನೋಡಿದ ಜಗತ್ತು ಅದನ್ನು ಬಡತನದ ಗುರುತೆಂದು ತಿಳಿಯಿತು. ನಿಜ ಸಂಗತಿಯೆಂದರೆ ಹೊಸ ಬೂಟುಗಳು ಕಾಲಿಗೆ ಹೊಂದದೆ ಬೊಬ್ಬೆ ಎಬ್ಬಿಸುತ್ತಿದ್ದವು. ಬರಿಗಾಲಲ್ಲಿ ಓಡಿ ರೂಢಿಯಿದ್ದ ಶಿಷ್ಯ ಹಾಗೆಯೇ ಓಡಲಿ ಎಂದು ಗುರುಶಿಷ್ಯರು ನಿರ್ಧರಿಸಿದರು. 1964ರ ಟೋಕಿಯೋದಲ್ಲಿ ಅದೇ ಬಿಕಿಲಾ ಬೂಟು ತೊಟ್ಟು 2 ಗಂಟೆ 12 ನಿಮಿಷ 11 ಸೆಕೆಂಡಿಗೆ ಮತ್ತೆ ಗೆದ್ದರು. ಪಕ್ಕದಲ್ಲಿದ್ದ ಪರದೇಶಿಗೆ ಆ ಕಾಲು ಗೊತ್ತಿತ್ತು. ಟಿಕೀಟು ಕೊಂಡು ನೋಡಿದವರಿಗೆ ಬರಿಗಾಲು ಮಾತ್ರ ಕಂಡಿತು.

ಇನ್ನೊಬ್ಬರಂತೂ ನಮ್ಮ ವೃತ್ತಿಯವರೇ. ಐರ್ಲೆಂಡಿನ ಬ್ರದರ್ ಕೋಮ್ ಓಕಾನೆಲ್ 1976ರಲ್ಲಿ ಕೀನ್ಯಾದ ಈಟೆನ್ ಎಂಬ ಊರಿನ ಸೇಂಟ್ ಪ್ಯಾಟ್ರಿಕ್ಸ್ ಪ್ರೌಢಶಾಲೆಗೆ ಭೂಗೋಳ ಕಲಿಸಲು ಹೋದರು. ಸಮುದ್ರಮಟ್ಟದಿಂದ ಸುಮಾರು 2400 ಮೀಟರ್ ಎತ್ತರದ ಊರು. ಓಟದ ತರಬೇತಿಯ ಗಂಧಗಾಳಿ ಅವರಿಗಿರಲಿಲ್ಲ. ಅಲ್ಲಿ ಓಟ ಕಲಿಸುತ್ತಿದ್ದ ಪೀಟರ್ ಫಾಸ್ಟರ್ ಎಂಬ ಇಂಗ್ಲಿಷ್ ಶಿಕ್ಷಕರು ತಮ್ಮ ನಾಡಿಗೆ ಮರಳಿದಾಗ ಆ ಕೆಲಸ ಈ ಭೂಗೋಳದ ಮಾಸ್ತರರ ಹೆಗಲಿಗೆ ಬಂತು. ಪುಸ್ತಕದ ಜ್ಞಾನ ಇಲ್ಲದ್ದರಿಂದ ಅವರು ಹುಡುಗರು ಓಡುವುದನ್ನು ನೋಡಿ ನೋಡಿಯೇ ಕಲಿತರು. ಅದೇ ಶಾಲೆಯಲ್ಲಿ ಓದಿದ ಪೀಟರ್ ರೋನೋ 1988ರ ಸೋಲ್ ಒಲಿಂಪಿಕ್ಸಿನಲ್ಲಿ 1500 ಮೀಟರ್ ಚಿನ್ನ ಗೆದ್ದರು. ಹತ್ತಾರು ವರ್ಷಗಳ ನಂತರ ಡೇವಿಡ್ ರುಡಿಶಾ ಎಂಬ ಬಾಲಕನಲ್ಲಿ 800 ಮೀಟರಿನ ಓಟಗಾರನನ್ನು ಗುರುತಿಸಿ ತಿದ್ದಿದವರೂ ಅವರೇ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ರುಡಿಶಾ 1 ನಿಮಿಷ 40.91 ಸೆಕೆಂಡಿನ ವಿಶ್ವದಾಖಲೆ ಬರೆದರು. ಓಕಾನೆಲ್ ಅವರ ದೊಡ್ಡತನ, ನನಗೆ ತೋರಿದ ಹಾಗೆ, ತನಗೆ ಗೊತ್ತಿಲ್ಲವೆಂದು ಒಪ್ಪಿಕೊಂಡು ಮಕ್ಕಳನ್ನು ನೋಡುತ್ತ ನಿಂತದ್ದು.

ಇವರೆಲ್ಲರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಪರದೇಶಿ ಕಣ್ಣು ಎಂಬುದನ್ನು ಸಾರಾಸಗಟಾಗಿ ಹೊಗಳುವುದೂ ಕಷ್ಟ, ತೆಗಳುವುದೂ ಕಷ್ಟ. ಪುಣೆಯ ರಸ್ತೆಯಲ್ಲಿ ದಿನವೂ ಓಡುತ್ತಿದ್ದವರನ್ನು ನೋಡಿದ ಊರಿನವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಹೊರಗಿನ ಅಳತೆಗೋಲು ಬಂದ ಮೇಲೆಯೇ ಅದರ ಬೆಲೆ ತಿಳಿಯಿತು. ಗಡಿಯಾರ ಇಲ್ಲದಿದ್ದರೆ ಚೌಗುಲೆ ಆಂಟ್‌ವರ್ಪಿಗೆ ಹೋಗುತ್ತಿರಲಿಲ್ಲ, ಅವರ ಹೆಸರೂ ನಮಗೆ ಉಳಿಯುತ್ತಿರಲಿಲ್ಲ. ಆದರೆ ಗಡಿಯಾರ ಹೇಳುವುದು ಎಷ್ಟು ಹೊತ್ತಿಗೆ ಬಂದ ಎಂಬುದನ್ನು ಮಾತ್ರ. ಎಲ್ಲಿಂದ ಬಂದ, ಏನು ತಿಂದು ಬಂದ, ಯಾರು ಕಲಿಸಿದರು ಎಂಬುದನ್ನು ಅದು ಹೇಳದು. ಅದನ್ನು ನೋಡುವವನೇ ಕೇಳಿ ತಿಳಿಯಬೇಕು.

ಈಗ ನನ್ನ ಬಾವುಟಕ್ಕೆ ಮರಳುತ್ತೇನೆ. ನಾನು ಆ ಹುಡುಗನ ಊರಿನಿಂದ ಹತ್ತು ಮೈಲಿ ದೂರದ ಊರಿನವನು. ಅವನ ಭಾಷೆಯೇ ನನ್ನ ಭಾಷೆ, ಅವನ ಮನೆಯ ರೊಟ್ಟಿಯೇ ನನ್ನ ಮನೆಯ ರೊಟ್ಟಿ. ಆದರೂ ಆ ದಿನ ತಿರುವಿನಲ್ಲಿ ನಿಂತಿದ್ದಾಗ ನಾನು ಕಂಡದ್ದು ಗೆರೆ ದಾಟಿದ ಕಾಲನ್ನು ಮಾತ್ರ. ಪರದೇಶಿಯಾಗಲು ಸಮುದ್ರ ದಾಟಿ ಬರಬೇಕಾಗಿಲ್ಲ. ಒಂದು ಡಿಗ್ರಿ, ಒಂದು ಬಾವುಟ ಸಾಕು. ದೋರಾಬ್ಜಿಯವರಾದರೋ ದಾರವಿಲ್ಲದ ಮೈದಾನ ಕಂಡ ಮೇಲೂ ಅವರನ್ನು ಕಳಿಸಲು ತಮ್ಮ ಹಣ ಕೊಟ್ಟರು. ನನ್ನ ಪಾಲಿನ ಕೆಲಸಕ್ಕೆ ಒಂದು ಬುಟ್ಟಿ ಸುಣ್ಣದ ಪುಡಿ ಸಾಕಿತ್ತು.

ತಡವಾಗಿಯಾದರೂ ಆ ಕೆಲಸ ಮಾಡಿದೆನೆಂಬುದೊಂದೇ ಸಮಾಧಾನ. ಮೂರು ನಾಲ್ಕು ವರ್ಷಗಳ ನಂತರ, ಇನ್ನೊಬ್ಬ ಹುಡುಗ ಅದೇ ರೀತಿ ಪಟ್ಟಿಯಿಂದ ಹೊರಬಿದ್ದ ಮೇಲೆ, ಕ್ರೀಡಾಕೂಟಕ್ಕೆ ಒಂದು ತಿಂಗಳು ಮುಂಚೆಯೇ ಶಾಲೆಯ ಬಯಲಿನಲ್ಲಿ ಗೆರೆ ಎಳೆಸುವ ರೂಢಿ ಹಾಕಿದೆ. ಮಕ್ಕಳೇ ಹಗ್ಗ ಹಿಡಿದು, ನಡುವೆ ಗೂಟ ಹೊಡೆದು, ಸುಣ್ಣ ಸುರಿದು ಸುತ್ತು ಎಳೆಯುತ್ತಿದ್ದರು. ಹೊರಗಿನ ಸುತ್ತು ಏಕೆ ಉದ್ದ ಎಂಬುದನ್ನು ಗಣಿತದ ಮಾಸ್ತರರು ಅಲ್ಲಿಯೇ ನಿಂತು ಹೇಳುತ್ತಿದ್ದರು. ಆಮೇಲೆ ನಮ್ಮ ಶಾಲೆಯ ಮಕ್ಕಳ ಮೇಲೆ ಬಾವುಟ ಏಳುವುದು ಕಡಿಮೆಯಾಯಿತು. ಆದರೆ ಆ ಮೊದಲ ಹುಡುಗನಿಗೆ ಇದರಿಂದ ಏನೂ ಪ್ರಯೋಜನವಾಗಲಿಲ್ಲ.

ಕೊನೆಯದಾಗಿ ಇನ್ನೊಂದು ತಪ್ಪೊಪ್ಪಿಗೆ. ನನ್ನ ಸೇವಾವಧಿಯುದ್ದಕ್ಕೂ ಎಷ್ಟೋ ತರಗತಿಗಳಿಗೆ ಕ್ರಿಸ್ತಪೂರ್ವ 490ರ ಮ್ಯಾರಥಾನ್ ಕದನವನ್ನು ಕಲಿಸಿದ್ದೇನೆ. ಗೆದ್ದ ಸುದ್ದಿಯನ್ನು ಹೊತ್ತು ಅಥೆನ್ಸಿಗೆ ಓಡಿ ಬಂದು ಪ್ರಾಣಬಿಟ್ಟ ದೂತನ ಕಥೆಯನ್ನು ರಸವತ್ತಾಗಿ ಹೇಳಿ ಮಕ್ಕಳಿಂದ ಚಪ್ಪಾಳೆ ಗಿಟ್ಟಿಸಿದ್ದೇನೆ. ಅದೇ ತರಗತಿಯ ಕಿಟಕಿಯಿಂದ ಕಾಣುವ ರಸ್ತೆ ಬೆಳಗಾವಿಗೆ ಹೋಗುವ ರಸ್ತೆ. ಆ ಬೆಳಗಾವಿಯಿಂದ 1920ರಲ್ಲಿ ಫಡೆಪ್ಪ ಚೌಗುಲೆ ಎಂಬವರು ಒಲಿಂಪಿಕ್ ಮ್ಯಾರಥಾನ್ ಓಡಿ ಬಂದರೆಂಬ ಮಾತನ್ನು ಒಂದು ತರಗತಿಗೂ ಹೇಳಲಿಲ್ಲ. ನನಗೇ ಗೊತ್ತಿರಲಿಲ್ಲ. ಈ ಬರಹವನ್ನು ಓದುವ ಶಿಕ್ಷಕ ಮಿತ್ರರು ಯಾರಾದರೂ ಇದ್ದರೆ, ನಾಳೆ ಮ್ಯಾರಥಾನಿನ ಪಾಠ ಮಾಡುವಾಗ ಐದು ನಿಮಿಷ ಉಳಿಸಿಕೊಂಡು ಆ ಹೆಸರನ್ನೂ ಹೇಳಿರಿ. ಹುಬ್ಬಳ್ಳಿಯ ಕಡೆಯವರಾದರೆ ಕೈಕಾಡಿಯವರ ಹೆಸರನ್ನೂ ಸೇರಿಸಿಕೊಳ್ಳಿರಿ.